ಹಡಗಿನ ಹೆಸರಿನ ಕೊನೆಗೆ ‘ಪಿವಿಸಿ’ ಅಂತ ಯಾಕೆ ಬರೆದಿತ್ತು?

ಹಳೆಯ ಫೋಟೊ ಒಂದರಲ್ಲಿ ಎಣ್ಣೆ ಸಾಗಿಸುವ ಹಡಗು ನೋಡಿದಿರಿ, ಅದಕ್ಕೆ ‘ಲೆಫ್ಟಿನೆಂಟ್ ರಾಮ ರಾಘೋಬ ರಾಣೆ, ಪಿವಿಸಿ’ ಎಂದು ಹೆಸರಿತ್ತು, ಯಾರಿವರು, ಸರಕಿನ ಹಡಗಿಗೆ ಸೈನಿಕರ ಹೆಸರು ಯಾಕೆ ಎಂದು ಕೇಳಿದ್ದೀರಿ. ಇದು ನಮ್ಮ ಕಾರವಾರಕ್ಕೆ ಸೇರಿದ ಹೆಸರು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪಿವಿಸಿ ಅಂದರೆ ಪರಮವೀರ ಚಕ್ರ. 1980ರ ದಶಕದಲ್ಲಿ ಶಿಪ್ಪಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ತನ್ನ 15 ಕಚ್ಚಾ ತೈಲದ ಟ್ಯಾಂಕರ್‌ಗಳಿಗೆ ಪರಮವೀರರ ಹೆಸರಿಟ್ಟಿತು. 1971ರ ಯುದ್ಧದವರೆಗೆ ಆ ಪದಕ ಸಿಕ್ಕಿದ್ದು 15 ಜನರಿಗೆ. ತಲಾ ಒಂದು ಹಡಗು. ಇವು ನೌಕಾಪಡೆಯವಲ್ಲ, ಸರ್ಕಾರಿ ಕಂಪನಿಯವು. ಅಮೆರಿಕದಲ್ಲಿ ನೌಕಾಪಡೆಯ ಸರಕು ಹಡಗುಗಳಿಗೇ ಹೀಗೆ ಹೆಸರಿಡುವ ರೂಢಿ ಇದೆ. ವಿಯೆಟ್ನಾಂನಲ್ಲಿ 1967ರಲ್ಲಿ ಸತ್ತ ಜಾನ್ ಬೋಬೊ ಎಂಬ ಅಧಿಕಾರಿಯ ಹೆಸರಿನ ಹಡಗು ಅಂಥದ್ದು.

ಈಗ ರಾಣೆಯವರ ವಿಷಯಕ್ಕೆ ಬರೋಣ. ಅವರ ಮನೆತನ ಕಾರವಾರದ ಪಕ್ಕದ ಚೆಂಡಿಯಾ ಊರಿನದು. ಹುಟ್ಟಿದ್ದು 1918ರಲ್ಲಿ. ಸೈನ್ಯದಲ್ಲಿ ಬಾಂಬೆ ಎಂಜಿನಿಯರ್ಸ್ ಪಡೆ. ಇವರ ಕೆಲಸ ಬಂದೂಕು ಹಿಡಿದು ಮುನ್ನುಗ್ಗುವುದಕ್ಕಿಂತ ಜಾಸ್ತಿ ದಾರಿ ಮಾಡಿಕೊಡುವುದು.

1948ರ ಏಪ್ರಿಲ್ 8. ಕಾಶ್ಮೀರದಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ಗುಡ್ಡದ ರಸ್ತೆ. ಉದ್ದಕ್ಕೂ ನೆಲಬಾಂಬ್ ಹೂತಿದ್ದರು, ಪೈನ್ ಮರ ಕಡಿದು ಅಡ್ಡ ಹಾಕಿದ್ದರು, ಮೋರಿ ಒಡೆದಿದ್ದರು. ಕೆಲಸ ಶುರುವಾಗುವ ಮೊದಲೇ ಶತ್ರುಗಳ ಮಾರ್ಟರ್ ಬಿತ್ತು. ತಂಡದಲ್ಲಿ ಇಬ್ಬರು ಸತ್ತರು, ರಾಣೆಯವರೂ ಸೇರಿ ಐದು ಜನರಿಗೆ ಗಾಯ. ಅವರು ಹಿಂದೆ ಹೋಗಲಿಲ್ಲ. ಉಳಿದವರನ್ನು ಸೇರಿಸಿಕೊಂಡು ಕೆಲಸಕ್ಕೆ ನಿಂತರು.

ಆ ದಿನಗಳ ಒಂದು ಸಂಗತಿಯನ್ನು ಈಗಲೂ ಹೇಳುತ್ತಾರೆ. ಮೇಲಿಂದ ಗುಂಡು ಬೀಳುತ್ತಿದ್ದಾಗ ರಾಣೆ ಟ್ಯಾಂಕಿನ ಅಡಿಗೆ ಹೋಗಿ ಹೊಟ್ಟೆಯ ಮೇಲೆ ತೆವಳುತ್ತಾ ನೆಲಬಾಂಬ್ ತೆಗೆದರಂತೆ. ಆ ಸದ್ದಿನಲ್ಲಿ ಡ್ರೈವರ್‌ಗೆ ಕೂಗಿದರೆ ಕೇಳಿಸುತ್ತದೆಯೇ? ಅದಕ್ಕೆ ಎರಡು ಹಗ್ಗ. ಒಂದನ್ನು ಜಗ್ಗಿದರೆ ‘ನಿಲ್ಲು’, ಇನ್ನೊಂದನ್ನು ಜಗ್ಗಿದರೆ ‘ಮುಂದೆ ಬಾ’. ತಲೆಯ ಮೇಲೆ ಟ್ಯಾಂಕು, ಕೈಯಳತೆಯಲ್ಲಿ ಬಾಂಬು, ಹಗ್ಗ ತಪ್ಪಿದರೆ ಕತೆ ಮುಗಿಯಿತು. ಓದುವಾಗಲೇ ನನಗೆ ಉಸಿರು ಕಟ್ಟುತ್ತದೆ.

ಅಂದು ರಾತ್ರಿ ಹತ್ತರವರೆಗೆ ಕೆಲಸ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಮೂರನೆಯ ದಿನ ಐದು ಗಂಟೆಗೂ ಮುಂಚೆ. ನಾಲ್ಕನೆಯ ದಿನ, ಅಂದರೆ 11ನೇ ತಾರೀಖು ಚಿಂಗಸ್‌ವರೆಗೆ ರಸ್ತೆ ತೆರೆಯಿತು. ಮರುದಿನ ನಮ್ಮ ಸೈನ್ಯ ರಜೌರಿ ಮುಟ್ಟಿತು.

ಈಗ ಹೇಳಿ, ಸರಕಿನ ಹಡಗಿಗೆ ಈ ಹೆಸರು ಸರಿಹೊಂದುವುದಿಲ್ವಾ? ಯುದ್ಧನೌಕೆಗೆ ಇಡಬೇಕಿತ್ತು, ಎಣ್ಣೆ ಹಡಗಿಗೆ ಇಟ್ಟು ಹೆಸರು ಸಣ್ಣದು ಮಾಡಿದರು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಿಂದೆ ಬರುವವರಿಗೆ ದಾರಿ ಮಾಡಿ, ಬೇಕಾದ್ದು ತಲುಪುವ ಹಾಗೆ ನೋಡಿಕೊಂಡ ಮನುಷ್ಯ ಅವರು. ಒಂದು ದೇಶದ ಅಡುಗೆ ಒಲೆಗೂ ಲಾರಿಗೂ ಎಣ್ಣೆ ಹೊತ್ತು ತರುವ ಹಡಗು ಅವರಿಗೆ ತಕ್ಕದ್ದೇ.

ಇನ್ನೊಂದು ಮಾತು. ಪರಮವೀರ ಚಕ್ರ ಹೆಚ್ಚಿನವರಿಗೆ ಸಿಕ್ಕಿದ್ದು ಸತ್ತ ಮೇಲೆ. ರಾಣೆ ಬದುಕಿ ಬಂದರು, ಮೇಜರ್ ಆಗಿ ನಿವೃತ್ತರಾದರು, ತೀರಿಕೊಂಡಿದ್ದು 1994ರಲ್ಲಿ. ಅವರ ಹೆಸರಿನ ಹಡಗು ನೀರಿಗಿಳಿದು ಸೇವೆಗೆ ಬಂದಿದ್ದು 1984ರಲ್ಲಿ. ಅಂದರೆ ತಮ್ಮ ಹೆಸರು ಹೊತ್ತ ಹಡಗು ಸಮುದ್ರದಲ್ಲಿ ಓಡಾಡುತ್ತಿದ್ದಾಗ ಅವರಿನ್ನೂ ಇದ್ದರು. ನನಗೆ ಇದು ಬಹಳ ಸಂತೋಷದ ವಿಷಯ.

ಸುಮಾರು 25 ವರ್ಷ ದುಡಿದ ಮೇಲೆ ಆ ಹಡಗನ್ನು ಸೇವೆಯಿಂದ ತೆಗೆದರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಟ್ಟರು. ಕಾರವಾರದ ಟಾಗೋರ್ ಕಡಲತೀರದಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯ ಪಕ್ಕದಲ್ಲೇ ಅವರ ಪ್ರತಿಮೆ ಇದೆ. ಬಂದವರು ಸಾಮಾನ್ಯವಾಗಿ ಚಪಲ್ ಹತ್ತಿ ಇಳಿದು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಈ ಕಡೆ ಬಂದರೆ ಪ್ರತಿಮೆಯ ಹತ್ತಿರವೂ ಎರಡು ನಿಮಿಷ ನಿಲ್ಲಿ.