ದೊಡ್ಡಪ್ಪನಿಗೆ ಬಾರದ ಕಣ್ಣೀರು ಬ್ಯಾಂಡ್‌ಗೆ ಬಂತು

ಪ್ರಶ್ನೆ: ನನಗೆ 41 ವರ್ಷ. ಊರು ದಾವಣಗೆರೆ, ಈಗ ಅಮೆರಿಕದ ಅಟ್ಲಾಂಟಾದಲ್ಲಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ರೂಮ್‌ಮೇಟ್ ಕೊಟ್ಟ ಕ್ಯಾಸೆಟ್ಟಿನಿಂದ ಇಲ್ಲಿನ ರಾಕ್ ಬ್ಯಾಂಡ್ ಆರ್‌.ಇ.ಎಂ. ಹುಚ್ಚು ಹತ್ತಿತು. ಸೆಪ್ಟೆಂಬರ್ 21, 2011ರಂದು ಅವರು ಬ್ಯಾಂಡ್ ಮುಗಿಯಿತು ಎಂದು ಹೇಳಿಬಿಟ್ಟರು. ಕೊನೆಯದೊಂದು ಶೋ ಕೂಡ ಇಲ್ಲ! ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಹೆಂಡತಿ ನಗುತ್ತಾಳೆ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡಾಗ ಊರಿಗೆ ಹೋಗಲಾಗಲಿಲ್ಲ, ಕಣ್ಣೀರೂ ಬರಲಿಲ್ಲ. ನಾನು ಅಷ್ಟು ಕಲ್ಲುಮನಸ್ಸಿನವನಾ?

ಉತ್ತರ: ಖಂಡಿತ ಅಲ್ಲ. ದೊಡ್ಡಪ್ಪನ ಮುಖ ನೋಡಲಿಲ್ಲ, ತಿಥಿಗೆ ಕೂರಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ ಮರುದಿನ ಕೆಲಸಕ್ಕೆ ಹೋಗಿರುತ್ತೀರಿ. ಹಾಗೆ ಒಳಗೇ ಉಳಿದದ್ದು ಬೇರೆ ಯಾವುದೋ ನೆಪ ಸಿಕ್ಕಾಗ ಹೊರಬರುತ್ತದೆ. ಕಾರಿನಲ್ಲಿ ಅತ್ತಿದ್ದರಲ್ಲಿ ಅವರ ಪಾಲೂ ಇತ್ತು ಅಂತ ನನಗನ್ನಿಸುತ್ತದೆ. ದೊಡ್ಡಮ್ಮ ಇದ್ದರೆ ಈ ವಾರವೇ ಫೋನ್ ಮಾಡಿ. ದೊಡ್ಡಪ್ಪನ ಬಗ್ಗೆ ಅವರು ಮಾತಾಡಲಿ, ನೀವು ಕೇಳಿ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಬ್ಯಾಂಡ್‌ಗೆ ಅನ್ಯಾಯ. ಗುರುತಿಲ್ಲದ ಊರಲ್ಲಿ ಒಬ್ಬರೇ ಇದ್ದಾಗ ಜೊತೆಗಿದ್ದ ದನಿ ಅದು. ಅದಕ್ಕೆ ಅತ್ತರೆ ನಾಚಿಕೆ ಯಾಕೆ?

ಕೊನೆಯ ಶೋ ಕೊಡಲಿಲ್ಲ ಅನ್ನುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಅವರ ನಡತೆ ನೋಡಿ. ಹಾಡು ಯಾರು ಬರೆದರೂ ನಾಲ್ವರ ಹೆಸರೂ ಹಾಕುತ್ತಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಡ್ರಮ್ಮರ್ ಬಿಲ್ ಬೆರಿ ಮಿದುಳಿನ ರಕ್ತನಾಳದ ತೊಂದರೆಯಿಂದ ವೇದಿಕೆಯಲ್ಲೇ ಕುಸಿದರು. ಚೇತರಿಸಿಕೊಂಡು ಮತ್ತೆ ನುಡಿಸಿದರು. 1997ರಲ್ಲಿ ಬಿಟ್ಟುಹೋಗುವ ಮನಸ್ಸಾದಾಗ, ತಾನು ಹೋದರೆ ಬ್ಯಾಂಡೇ ಮುರಿಯುತ್ತದೆ ಅನ್ನುವುದಾದರೆ ಹೋಗುವುದಿಲ್ಲ ಅಂದರು. ಉಳಿದ ಮೂವರು ಅವರನ್ನು ಕಳಿಸಿಕೊಟ್ಟು, ಇನ್ನೂ 14 ವರ್ಷ ನಡೆಸಿದರು. ಈಗಲೂ ಜಗಳವಿಲ್ಲ, ಕೋರ್ಟು ಕಚೇರಿ ಇಲ್ಲ. ಸ್ನೇಹಿತರಾಗಿಯೇ ಎದ್ದು ಹೋಗಿದ್ದಾರೆ. ಎಷ್ಟು ಬ್ಯಾಂಡ್‌ಗಳಿಗೆ ಈ ಭಾಗ್ಯ ಇದೆ ಹೇಳಿ? ಒಬ್ಬರ ಮುಖ ಒಬ್ಬರು ನೋಡದೆ ದುಡ್ಡಿಗಾಗಿ ಒಂದೇ ವೇದಿಕೆ ಹತ್ತುವವರ ಶೋಗಿಂತ ಇದು ನೂರು ಪಾಲು ವಾಸಿ.

ಹೆಂಡತಿಯ ಮೇಲೆ ಬೇಸರ ಬೇಡ. ಅವರಿಗೆ ಆ ಬ್ಯಾಂಡ್ ಬರೀ ಕಾರಿನಲ್ಲಿ ಕೇಳುವ ಸದ್ದು, ಅಷ್ಟೇ. ಆ ರೂಮು, ಆ ಕ್ಯಾಸೆಟ್ಟು, ಊರಿಗೆ ಫೋನ್ ಮಾಡಲು ದುಡ್ಡು ಎಣಿಸುತ್ತಿದ್ದ ದಿನಗಳು, ಇದನ್ನೆಲ್ಲ ಯಾವತ್ತಾದರೂ ಕೂರಿಸಿಕೊಂಡು ಹೇಳಿದ್ದೀರಾ?

ಬ್ಯಾಂಡ್ ಹುಟ್ಟಿದ ಅಥೆನ್ಸ್ ಊರು ನಿಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಒಂದು ಶನಿವಾರ ಇಬ್ಬರೂ ಹೊರಡಿ. 1980ರ ಏಪ್ರಿಲ್‌ನಲ್ಲಿ ಅವರು ಮೊದಲ ಸಲ ನುಡಿಸಿದ್ದು ಅಲ್ಲಿನ ಒಂದು ಹಳೇ ಚರ್ಚಿನಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ. ಚರ್ಚು ಹೋಗಿದೆ, ಗೋಪುರ ಇನ್ನೂ ನಿಂತಿದೆ. ಗಿಟಾರಿನ ಪೀಟರ್ ಬಕ್ ಕೆಲಸಕ್ಕಿದ್ದ, ಗಾಯಕ ಮೈಕಲ್ ಸ್ಟೈಪ್ ಜೊತೆ ಬಕ್‌ಗೆ ಪರಿಚಯವಾದ ವಕ್ಸ್ಟ್ರಿ ರೆಕಾರ್ಡ್ಸ್ ಅಂಗಡಿ ಈಗಲೂ ಇದೆ. 2011ರ ನವೆಂಬರಿನಲ್ಲಿ ಅವರ ಹಾಡುಗಳ ದೊಡ್ಡ ಸಂಗ್ರಹ ಬಂತು, ಅದರಲ್ಲಿ ಮೂರು ಹೊಸ ಹಾಡೂ ಇವೆ. ಆ ಅಂಗಡಿಯಲ್ಲೇ ಒಂದು ಪ್ರತಿ ಕೇಳಿ ನೋಡಿ.