ಕ್ಯಾಲಿಫೋರ್ನಿಯಾದಲ್ಲಿ ಸಿಗೋ ಅಪಘಾತ ಪರಿಹಾರ ವರ್ಜೀನಿಯಾದಲ್ಲಿ ಯಾಕೆ ಸಿಗಲ್ಲ?

ನೀವು ಕೇಳಿದ್ದು ಇಷ್ಟು. ನಿಮ್ಮ ತಮ್ಮ ಇರೋದು ಕ್ಯಾಲಿಫೋರ್ನಿಯಾದಲ್ಲಿ. ವರ್ಜೀನಿಯಾಕ್ಕೆ ಹೋಗಿದ್ದಾಗ ಕಾರು ಅಪಘಾತವಾಗಿ ಗಾಯವಾಯಿತು. ತಪ್ಪು ಬಹುಪಾಲು ಎದುರಿನವರದ್ದೇ. ಆದರೂ ಅವರ ಇನ್ಶೂರೆನ್ಸ್ ಕಂಪನಿ ಒಂದು ಡಾಲರ್ ಕೂಡ ಕೊಡಲ್ಲ ಅಂದಿದೆ. ಹೀಗೂ ಉಂಟಾ?

ಉಂಟು. ನನಗೂ ಇದೇ ಆಗಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕ್ಯಾಲಿಫೋರ್ನಿಯಾದಲ್ಲಿ 1975ರಿಂದ ತಪ್ಪನ್ನು ಪಾಲು ಹಾಕುತ್ತಾರೆ. ನಿಮ್ಮ ತಪ್ಪು ಶೇ. 10 ಇದ್ದರೆ ಪರಿಹಾರದಲ್ಲಿ ಅಷ್ಟು ಕಡಿತ, ಉಳಿದದ್ದು ನಿಮಗೆ. ಟೆಕ್ಸಾಸ್‌ನಲ್ಲೂ ಪಾಲು ಹಾಕುತ್ತಾರೆ, ಆದರೆ ನಿಮ್ಮ ತಪ್ಪು ಅರ್ಧ ದಾಟಿದರೆ ಏನೂ ಇಲ್ಲ. ವರ್ಜೀನಿಯಾದಲ್ಲಿ ಲೆಕ್ಕವೇ ಬೇರೆ. ನಿಮ್ಮ ಅಜಾಗರೂಕತೆಯೂ ಅಪಘಾತಕ್ಕೆ ಒಂಚೂರು ಕಾರಣ ಅಂತ ಸಾಬೀತಾದರೆ ಸಾಮಾನ್ಯವಾಗಿ ಪೂರ್ತಿ ಸೊನ್ನೆ. ಇದಕ್ಕೆ ಕಾಂಟ್ರಿಬ್ಯುಟರಿ ನೆಗ್ಲಿಜೆನ್ಸ್ ಅಂತಾರೆ. ಮೇರಿಲ್ಯಾಂಡ್, ಅಲಬಾಮಾ, ನಾರ್ತ್ ಕೆರೊಲಿನಾಗಳಲ್ಲೂ ಇದೇ ಹಳೇ ನಿಯಮ. ನನ್ನ ಪ್ರಕಾರ ಇದು ಅನ್ಯಾಯ. ಆದರೆ ಇದೆ.

ನನ್ನ ಅಪಘಾತ ಆಗಿದ್ದು ನಾರ್ತ್ ಕೆರೊಲಿನಾದಲ್ಲಿ. ನಾನು ನೇರ ಹೋಗುತ್ತಿದ್ದೆ. ಎದುರಿಂದ ಬಂದ ಕಾರು ದಿಢೀರಂತ ಎಡಕ್ಕೆ ತಿರುಗಿ ನನಗೆ ಅಡ್ಡ ಬಂತು. ಮೂರು ದಿನ ಬಿಟ್ಟು ಅವರ ಇನ್ಶೂರೆನ್ಸ್‌ನಿಂದ ಫೋನ್. ತುಂಬಾ ನಯವಾದ ದನಿ. ಮೊದಲು ಕುತ್ತಿಗೆ ನೋವು ಹೇಗಿದೆ ಅಂತ ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಎಷ್ಟು ಸ್ಪೀಡಲ್ಲಿ ಹೋಗ್ತಿದ್ರಿ?" ಅಂದರು. "ನಲವತ್ತರ ಆಸುಪಾಸು" ಅಂದೆ. ಆ ರಸ್ತೆಯ ಮಿತಿ 35 ಮೈಲಿ. ಮುಂದಿನ ವಾರ ಕಾಗದ ಬಂತು, ಕ್ಲೇಮ್ ತಿರಸ್ಕರಿಸಿದ್ದೇವೆ ಅಂತ. ನಿಜ ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಎದುರು ಪಕ್ಷದ ಕಂಪನಿಗೆ ರೆಕಾರ್ಡ್ ಮಾಡಿದ ಹೇಳಿಕೆ ಕೊಡಲೇಬೇಕು ಅಂತ ಕಾನೂನೇನೂ ಇಲ್ಲ. ಅದು ಆಗ ಗೊತ್ತಿರಲಿಲ್ಲ.

"ನಾವು ಕ್ಯಾಲಿಫೋರ್ನಿಯಾದವರು, ನಮ್ಮ ಕಾನೂನು ನಡೆಯಲ್ವಾ?" ಅಂತಲೂ ಕೇಳಿದ್ದೀರಿ. ನಡೆಯೋದು ಕಷ್ಟ. ಎದುರಿನವರು ವರ್ಜೀನಿಯಾದವರೇ ಆದರೆ ಕೇಸು ಅಲ್ಲೇ ಹಾಕಬೇಕಾಗುತ್ತದೆ, ಮತ್ತು ಅಲ್ಲಿನ ಕೋರ್ಟುಗಳು ಅಪಘಾತ ನಡೆದ ಜಾಗದ ಕಾನೂನನ್ನೇ ಹಿಡಿಯುತ್ತವೆ. ರಾಜ್ಯದ ಕೋರ್ಟು ಬಿಟ್ಟು ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರದ ಕೋರ್ಟಿಗೆ, ಹೋದರೂ ಇದರಿಂದ ಪಾರಾಗೋಕೆ ಆಗಲ್ಲ. ಅದರ ಹಿಂದೆ ಒಬ್ಬ ಮನುಷ್ಯನ ಕಥೆ ಇದೆ. ಟಾಂಪ್ಕಿನ್ಸ್ ಅನ್ನುವವನು ಪೆನ್ಸಿಲ್ವೇನಿಯಾದಲ್ಲಿ ಒಂದು ರಾತ್ರಿ ಹಳಿ ಪಕ್ಕದ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದ. ಈರಿ ಕಂಪನಿಯ ರೈಲು ಹಾದುಹೋಗುವಾಗ ಹೊರಗೆ ಚಾಚಿಕೊಂಡಿದ್ದ ಏನೋ ಬಡಿದು ಅವನ ಬಲಗೈ ಹೋಯಿತು. ನ್ಯೂಯಾರ್ಕಿನ ಫೆಡರಲ್ ಕೋರ್ಟಿನ ಜ್ಯೂರಿ ಅವನಿಗೆ 30,000 ಡಾಲರ್ ಕೊಟ್ಟಿತು. 1938ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಂಥ ಕೇಸಿನಲ್ಲಿ ಫೆಡರಲ್ ಕೋರ್ಟು ತನ್ನದೇ ನಿಯಮ ಮಾಡಿಕೊಳ್ಳುವಂತಿಲ್ಲ, ರಾಜ್ಯದ ಕಾನೂನನ್ನೇ ಪಾಲಿಸಬೇಕು ಅಂತ. ಪೆನ್ಸಿಲ್ವೇನಿಯಾ ಕಾನೂನಿನಲ್ಲಿ ಅವನು ರೈಲ್ವೆ ಜಾಗಕ್ಕೆ ನುಗ್ಗಿದವನು. ಕೈಯೂ ಹೋಯಿತು, ದುಡ್ಡೂ ಹೋಯಿತು.

ಹಾಗಂತ ನಿಮ್ಮ ತಮ್ಮನ ಕೇಸು ಮುಗಿದೇ ಹೋಯಿತು ಅಂತಲ್ಲ. ತಪ್ಪು ನಿಮ್ಮ ತಮ್ಮನದ್ದೂ ಇದೆ ಅಂತ ಕಂಪನಿ ಬರೆದುಬಿಟ್ಟರೆ ಸಾಲದು, ಕೋರ್ಟಿನಲ್ಲಿ ಸಾಬೀತು ಮಾಡುವ ಹೊಣೆ ಎದುರು ಪಕ್ಷದ್ದೇ. ಆ ತಪ್ಪಿನಿಂದಲೂ ಅಪಘಾತ ಆಯಿತು ಅಂತ ತೋರಿಸಬೇಕು. ನಾನು ಐದು ಮೈಲಿ ಕಮ್ಮಿ ಹೋಗಿದ್ದರೂ ಆ ಕಾರು ನನಗೆ ಅಡ್ಡ ಬರುತ್ತಲೇ ಇತ್ತು, ಅಲ್ವಾ? ಇದನ್ನು ಕೇಳೋಕೆ ನನಗೆ ತೋಚಲಿಲ್ಲ. ಕಾಗದವನ್ನೇ ತೀರ್ಪು ಅಂದುಕೊಂಡು ಸುಮ್ನಾಗಿಬಿಟ್ಟೆ.

ವರ್ಜೀನಿಯಾದಲ್ಲಿ ಗಾಯದ ಕೇಸು ಹಾಕಲು 2 ವರ್ಷ ಗಡುವು, ಅಪಘಾತದ ದಿನದಿಂದ. ಅಕ್ಕಪಕ್ಕದ ಅಂಗಡಿಗಳ ಕ್ಯಾಮೆರಾ ದೃಶ್ಯ ಅಷ್ಟು ದಿನ ಉಳಿಯಲ್ಲ, ಅದನ್ನು ಈ ವಾರವೇ ಕೇಳಿ. ವರ್ಜೀನಿಯಾದಲ್ಲೇ ವಕಾಲತ್ತು ಮಾಡುವವರನ್ನು ಹುಡುಕಿ, ಆ ಕಂಪನಿಯ ಕಾಗದವನ್ನು ಮೊದಲು ಅವರಿಗೆ ತೋರಿಸಿ. ಅಲ್ಲಿಯವರೆಗೆ ಕಂಪನಿಯವರ ಫೋನ್ ಬಂದರೆ ತಮ್ಮ ಏನೂ ಹೇಳೋದು ಬೇಡ.