ಕಾರಿಗೆ ಎರಡು ಪಟ್ಟಿ ಸಾಕು, ಅಂಗಳ ಉಳಿಯಲಿ

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಾತ 1936ರಲ್ಲಿ ಕಟ್ಟಿಸಿದ ಮನೆ ಇದೆ. ಮಂಕಿ ಟಾಪ್ (ಮುಂಭಾಗದ ಮೇಲಿನ ಮರದ ಪಟ್ಟಿಗಳ ಚೂಪು ಮಾಡು), ಕೆಂಪು ನೆಲದ ಜಗಲಿ, ಮಂಗಳೂರು ಹೆಂಚು ಎಲ್ಲಾ ಹಾಗೇ ಇವೆ. ಮುಂದೆ 40 ಅಡಿ ಅಗಲ, 30 ಅಡಿ ಉದ್ದದ ಅಂಗಳ. ಮಧ್ಯೆ ತುಳಸಿಕಟ್ಟೆ, ಎಡಕ್ಕೆ ದೊಡ್ಡ ಸಂಪಿಗೆ ಮರ. ಈಗ ಕಾರನ್ನು ಒಳಗೆ ನಿಲ್ಲಿಸಬೇಕು. ಅಂಗಳಕ್ಕೆಲ್ಲ ಪೇವರ್ ಹಾಕಿ, ಸಂಪಿಗೆ ತೆಗೆದು, ಮೂಲೆಯಲ್ಲಿ ಲಾನ್ ಮಾಡೋಣ ಅನ್ನುತ್ತಾರೆ ಗುತ್ತಿಗೆದಾರರು. 78 ವರ್ಷದ ಅಮ್ಮ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಅಮ್ಮ ಹೇಳುವುದೇ ಸರಿ. ದಯವಿಟ್ಟು ಅವರ ಮಾತು ಕೇಳಿ.

ಮಲ್ಲೇಶ್ವರದಲ್ಲಿ ನನ್ನ ಸೋದರಮಾವನ ಮನೆಯೂ ನಿಮ್ಮದರ ಹಾಗೇ ಇತ್ತು. ಕಾರು ಬಂತು ಅಂತ ಗೋಡೆಯವರೆಗೂ ಕಾಂಕ್ರೀಟ್ ಹಾಕಿಸಿದರು. ಎರಡನೇ ಮಳೆಗಾಲಕ್ಕೆ ನಡುಮನೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಶೀತ ಏರಿತು. ಬಣ್ಣ ಹೊಪ್ಪಳಿಕೆ ಎದ್ದು ಉದುರಿತು. ಹಳೆ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಬುಡದ ತೇವ ಹೊರಗಿನ ಮಣ್ಣಿನಿಂದ ಆವಿಯಾಗಿ ಹೋಗುತ್ತಿರುತ್ತದೆ. ಆ ದಾರಿ ಮುಚ್ಚಿದರೆ ಅದು ಗೋಡೆಯನ್ನೇ ಹತ್ತುತ್ತದೆ. ಅಂಗಳವೂ ನಾಲ್ಕು ಇಂಚು ಮೇಲೆ ಬಂದು, ಜಗಲಿಯ ಕೆಳಗಿನ ಮೆಟ್ಟಿಲು ಹೂತೇ ಹೋಯಿತು. ನಾವು ಮಕ್ಕಳೆಲ್ಲ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಮೆಟ್ಟಿಲು ಅದು. ಈಗಲೂ ಅಲ್ಲಿಗೆ ಹೋದಾಗ ನನ್ನ ಕಣ್ಣು ಅದನ್ನೇ ಹುಡುಕುತ್ತದೆ.

ನಿಮ್ಮ ಕಾರಿಗೆ ಇಡೀ ಅಂಗಳ ಬೇಕಾಗಿಲ್ಲ. ಚಕ್ರ ಓಡುವಷ್ಟು ಜಾಗ ಗಟ್ಟಿಯಾಗಿದ್ದರೆ ಸಾಕು, ಅಲ್ವಾ? ರಸ್ತೆಯಲ್ಲಿ ನಿಂತು ನೋಡಿದರೆ ಬಲಕ್ಕೆ ಬರುವ ಕಾಂಪೌಂಡ್ ಪಕ್ಕ ಎರಡು ಕಲ್ಲಿನ ಪಟ್ಟಿ ಹಾಕಿಸಿ. ಒಂದೊಂದು 2 ಅಡಿ ಅಗಲ, ನಡುವೆ 3 ಅಡಿ ಬಿಡಿ. ಅಂದರೆ ಒಟ್ಟು 7 ಅಡಿ. ಕಾಂಪೌಂಡಿಗೂ ಮೊದಲ ಪಟ್ಟಿಗೂ ಎರಡೂವರೆ ಅಡಿ ಅಂತರ ಇರಲಿ. ಅಲ್ಲಿ ಗಿಡ ಬೇಡ, ಬರೀ ಸಣ್ಣ ಜಲ್ಲಿ ಹರಡಿ. ಇಲ್ಲದಿದ್ದರೆ ಓಡಿಸುವವರಿಗೆ ಬಾಗಿಲು ತೆಗೆಯಲು ಆಗುವುದಿಲ್ಲ.

ಪಟ್ಟಿಗೆ 3 ಇಂಚು ದಪ್ಪದ ಚಪ್ಪಡಿ ಕಲ್ಲು ಬಳಸಿ. ಪಾಲಿಶ್ ಕಲ್ಲು ಮಾತ್ರ ಬೇಡ, ಮಳೆಯಲ್ಲಿ ಜಾರುತ್ತದೆ. ಮಣ್ಣು ಅಗೆದು 6 ಇಂಚು ಜಲ್ಲಿ ತುಂಬಿ ಚೆನ್ನಾಗಿ ದಮ್ಮಸ್ ಮಾಡಿಸಿ. ಮೇಲೆ 2 ಇಂಚು ದಪ್ಪ ಮರಳು, ಅದರ ಮೇಲೆ ಕಲ್ಲು. ಸಿಮೆಂಟ್ ಬೇಡವೇ ಬೇಡ. ನಡುವಿನ 3 ಅಡಿಯಲ್ಲಿ ಗರಿಕೆ ಬೆಳೆಸಿ. ಬಿಸಿಲು ಬಿದ್ದರೆ ಅದು ತಾನೇ ಹಬ್ಬುತ್ತದೆ, ಗಣೇಶನ ಹಬ್ಬಕ್ಕೆ ಮನೆಯದೇ ಗರಿಕೆ ಸಿಗುತ್ತದೆ. ಕಾರು ನಿಲ್ಲುವ ನೆರಳಿನಲ್ಲಿ ಅದು ಸೊರಗುತ್ತದೆ. ಅಷ್ಟು ಜಾಗಕ್ಕೆ ಜಲ್ಲಿಯೇ ಸರಿ.

ಇಳಿಜಾರು ಮನೆಯಿಂದ ಆಚೆಗೇ ಇರಬೇಕು, 10 ಅಡಿಗೆ 2 ಇಂಚಿನಂತೆ. ಗೋಡೆ ಬುಡಕ್ಕೆ ಒಂದೂವರೆ ಅಡಿ ಅಗಲ ಬರೀ ಜಲ್ಲಿ ಬಿಡಿ. ಗೇಟಿನ ಹತ್ತಿರ ಒಂದು ಇಂಗುಗುಂಡಿ ತೋಡಿಸಿ. ಮಂಕಿ ಟಾಪ್ ಕಡೆಯ 600 ಚದರ ಅಡಿ ಹೆಂಚಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 1,100 ಲೀಟರ್ ನೀರು. ಅಷ್ಟನ್ನೂ ಸುಮ್ನೆ ರಸ್ತೆಗೆ ಬಿಡುವುದು ನನಗಂತೂ ಸಂಕಟ. ಅಲ್ಲದೆ ನಿಮ್ಮ ನಿವೇಶನ 40x60 ಅಥವಾ ಅದಕ್ಕಿಂತ ದೊಡ್ಡದಾದರೆ, ಬೆಂಗಳೂರಿನಲ್ಲಿ ಹಳೆ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ.

ಸಂಪಿಗೆ ವಿಷಯ. ಅದನ್ನು ಕಡಿಯುವುದು ನೀವು, ಗುತ್ತಿಗೆದಾರರು ಕೂತು ತೀರ್ಮಾನಿಸುವ ಮಾತಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಅಂಗಳದ ಸಂಪಿಗೆಗೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಪಟ್ಟಿ ಬಲಕ್ಕೆ ಬಂದರೆ ಮರ ಮುಟ್ಟುವ ಅಗತ್ಯವೇ ಇಲ್ಲವಲ್ಲ. ಅಗೆದ ಮಣ್ಣನ್ನು ಮಾತ್ರ ಅದರ ಬುಡಕ್ಕೆ ರಾಶಿ ಹಾಕಲು ಬಿಡಬೇಡಿ. ಆಹಾರ ಹೀರುವ ಬೇರು ಮೇಲ್ಮಣ್ಣಿನಲ್ಲೇ ಇರುತ್ತವೆ, ಉಸಿರುಕಟ್ಟುತ್ತದೆ. ಮರದ ನೆರಳಿನಲ್ಲಿ ಲಾನ್ ನಿಲ್ಲುವುದೂ ಇಲ್ಲ. ಅಲ್ಲಿ ಕನಕಾಂಬರ ಹಾಕಿ. ಬಿಸಿಲಿರುವ ಕಡೆ ನಂದಿಬಟ್ಟಲು, ದಾಸವಾಳ. ಕಿಟಕಿಯ ಕೆಳಗಿನ ಅಂಚು ದಾಟದಂತೆ ಸವರುತ್ತಿರಿ, ಮನೆಯ ಮುಖ ಮರೆಯಾಗಬಾರದು. ಲಾಲ್‌ಬಾಗ್ ನರ್ಸರಿ ನಿಮಗೆ ಹತ್ತಿರವೇ.

ತುಳಸಿಕಟ್ಟೆ ಇರುವಲ್ಲೇ ಇರಲಿ. ಅದರ ಮುಂದೆ ರಂಗೋಲಿ ಹಾಕುವಷ್ಟು ಜಾಗ ಮಣ್ಣಿನ ನೆಲವಾಗಿಯೇ ಇರಲಿ, ಅಮ್ಮ ಸಾರಿಸುವವರಾದರೆ. ಗೇಟು ಚಿಕ್ಕದಾದರೆ ಒಂದು ಕಲ್ಲುಕಂಬವನ್ನು ಸರಿಸಿ, ಹಳೆ ಕಬ್ಬಿಣದ ಗೇಟಿಗೆ ಅದೇ ವಿನ್ಯಾಸದ ತುಂಡು ಜೋಡಿಸಿ. 10 ಅಡಿ ಸಾಕು.

ಕಲ್ಲು ತರಿಸುವ ಮುಂಚೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆ ಎರಡು ಪಟ್ಟಿ ಎಳೆಯಿರಿ. ಕಾರನ್ನು ಮೂರ್ನಾಲ್ಕು ಸಲ ಒಳಗೆ ತಂದು, ಅಮ್ಮನನ್ನು ಎಡಗಡೆ ಬಾಗಿಲಿನಿಂದ ಇಳಿಸಿ ನೋಡಿ. ಅವರು ಕಾಲಿಟ್ಟ ಜಾಗದಿಂದ ಜಗಲಿ ಮೆಟ್ಟಿಲಿನವರೆಗೆ 3 ಅಡಿ ಅಗಲದ ಸಮತಟ್ಟಾದ ಚಪ್ಪಡಿ ದಾರಿ ಬೇಕು. ಅದನ್ನೂ ಪುಡಿಯಲ್ಲೇ ಗುರುತು ಮಾಡಿಕೊಳ್ಳಿ.